ಅರವತ್ತೆಂಟು ಕಿಲೋ

ಫೆಬ್ರವರಿ 9

ಅಕ್ಕ,

ಆರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಾಲ್ಕು ವರ್ಷದಿಂದ ಎತ್ತದವಳು ಈಗ ಎತ್ತುತ್ತಾಳೆ ಅಂದುಕೊಂಡಿದ್ದು ನನ್ನದೇ ತಪ್ಪು. ಅದಕ್ಕೇ ಕಾಗದ ಬರೀತಿದ್ದೀನಿ. ಫೋನಾದರೆ ಬಡಕೊಂಡು ಬಡಕೊಂಡು ತಾನೇ ಸುಮ್ಮನಾಗುತ್ತೆ. ಕಾಗದವನ್ನ ಹರಿದು ಹಾಕೋಕಾದರೂ ಒಂದು ಸಲ ಕೈಯಲ್ಲಿ ಹಿಡೀಬೇಕು.

ನಾನು ಬಸುರಿ ಅನ್ನೋದು ಯಾರ ಬಾಯಿಂದಲಾದರೂ ನಿನ್ನ ಕಿವಿಗೆ ಬಿದ್ದಿರುತ್ತೆ. ಈಗ ಆರನೇ ತಿಂಗಳು. ಇವತ್ತು ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿ ತೂಕದ ಯಂತ್ರ ಇಟ್ಟಿರೋದು ಬಾಗಿಲ ಹತ್ತಿರ, ಬೆಂಚಿನ ಮೇಲೆ ಕೂತ ಹತ್ತು ಹನ್ನೆರಡು ಜನಕ್ಕೂ ಕಾಣೋ ಹಾಗೆ. ಸಿಸ್ಟರು ಮುಳ್ಳು ನೋಡಿ ತೂಕವನ್ನ ಕೂಗಿ ಹೇಳಿದಳು. ಆಮೇಲೆ ಕಾರ್ಡು ಕೈಗೆ ಕೊಡ್ತಾ, "ಏನಮ್ಮ, ಹೊಟ್ಟೇಲಿ ಮಗು ಇಟ್ಕೊಂಡಿದ್ದೀಯೋ, ಉಗ್ರಾಣ ಇಟ್ಕೊಂಡಿದ್ದೀಯೋ" ಅಂದಳು. ಬೆಂಚಿನವರೆಲ್ಲ ನಕ್ಕರು. ನಗದೆ ಇದ್ದವಳು ಒಬ್ಬಳೇ. ಅವಳ ಸರದಿ ನನ್ನ ನಂತರ ಇತ್ತು.

ಮನೆಗೆ ಬಂದರೆ ಅತ್ತೆ ತಟ್ಟೆ ಹಿಡಕೊಂಡು ನಿಂತಿರ್ತಾರೆ. ಎರಡು ಜೀವ, ಎರಡು ಜೀವ ಅಂತ ಒಂದೇ ಜಪ. ಬೇಡ ಅಂದರೆ ಕಣ್ಣಲ್ಲಿ ನೀರು. ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರು ನನ್ನ ಮೆಶೀನು ಮೂಲೆಗೆ ಸರಿಸಿದರು, ನಡುವೆ ಇದ್ದರೆ ದಾರಿ ಕಟ್ಟುತ್ತೆ ಅಂತೆ. ಇನ್ನು ನಮ್ಮನೆಯವರು. ಲಿಫ್ಟ್ ರಿಪೇರಿ ಮಾಡೋರಿಗೆ ಬರೋ ತಮಾಷೆಯೂ ಲಿಫ್ಟಿನದೇ. "ಇಂತಿಷ್ಟು ಜನ ಮಾತ್ರ ಅಂತ ಬೋರ್ಡ್ ಹಾಕಿರ್ತಾರೆ, ಇನ್ಮೇಲೆ ನೀನು ಮೆಟ್ಟಿಲು ಹತ್ತು" ಅಂದರು. ಮೂರು ದಿನದಿಂದ ಅವರ ಜೊತೆ ಮಾತಿಲ್ಲ.

ನನ್ನ ತೂಕ ಎಷ್ಟು ಅಂತ ನಿನಗೆ ಹೇಳಲ್ಲ. ಬೇರೆ ಯಾರಿಗೆ ಬೇಕಾದರೂ ಹೇಳಿಯೇನು. ಆದರೆ ಏನು ಮಾಡಬೇಕು ಅಂತ ನೀನು ಹೇಳು. ನಿನಗೆ ಗೊತ್ತಿರುತ್ತೆ ಅಂತಲೇ ಕೇಳ್ತಿದ್ದೀನಿ.

ತಂಗಿ


ಫೆಬ್ರವರಿ 18

ಕಾಗದ ಹರಿಯಲಿಲ್ಲ. ಹರಿಯೋಣ ಅಂತಿದ್ದೆ, ಕೈ ತುಂಬ ಹಿಟ್ಟಿತ್ತು.

"ನಿನಗೆ ಗೊತ್ತಿರುತ್ತೆ" ಅಂದರೆ ಏನರ್ಥ? ದಪ್ಪ ಇರೋರು ಸಣ್ಣ ಆಗೋ ವಿದ್ಯೆ ಕಲಿತು ಬಚ್ಚಿಟ್ಟುಕೊಂಡಿರ್ತಾರೆ ಅಂದುಕೊಂಡೆಯಾ? ನಾಲ್ಕು ವರ್ಷದ ಮೇಲೆ ಅಕ್ಕ ಹೇಗಿದ್ದಾಳೆ ಅಂತ ಒಂದು ಸಾಲು ಕೇಳಲಿಲ್ಲ. ಅಕ್ಕ ದಪ್ಪ ಅನ್ನೋದು ಮಾತ್ರ ನೆನಪಾಯ್ತು.

ನೀನು ಕೇಳದೇ ಇದ್ದರೂ ಹೇಳ್ತೀನಿ. ನಾನು ಚೆನ್ನಾಗಿದ್ದೀನಿ. ನರ್ಸಿಂಗ್ ಓದೋ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ನನ್ನ ಕೈಯಲ್ಲಿದೆ. ಮೂರು ಹೊತ್ತೂ ನೂರಾ ನಲವತ್ತು ತಟ್ಟೆ. ಇಬ್ಬರು ಎತ್ತೋ ಪಾತ್ರೆ ನಾನೊಬ್ಬಳೇ ಇಳಿಸ್ತೀನಿ. ಹನ್ನೊಂದು ವರ್ಷ ಆಯ್ತು ಈ ಊರಿಗೆ ಬಂದು, ಇಲ್ಲಿ ಯಾರೂ ನನ್ನನ್ನ ತೂಕ ಹಾಕಿಲ್ಲ.

ಸಲಹೆ ಬೇಕಲ್ಲ ನಿನಗೆ? ಬಾಯಿಗೆ ಬೀಗ ಹಾಕು. ಈ ಮಾತು ನನ್ನದಲ್ಲ. ನಿನಗೆ ಒಂಬತ್ತು ವರ್ಷ ಇದ್ದಾಗ, ನಾನು ತಟ್ಟೆ ಮುಂದೆ ಕೂತಿದ್ದಾಗ, ನೀನೇ ನನಗೆ ಹೇಳಿದ್ದು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಒಳ್ಳೇ ಸಲಹೆ ಅಂತ ಆವತ್ತು ಎಲ್ಲರೂ ಒಪ್ಪಿದ್ದಿರಿ. ಈಗ ನೀನೇ ಮಾಡಿ ನೋಡು.

ಅಕ್ಕ


ಮಾರ್ಚ್ 2

ಅಕ್ಕ,

ಬೀಗ ಹಾಕಿದ್ದೀನಿ. ಚೆನ್ನಾಗಿ ಕೆಲಸ ಮಾಡ್ತಿದೆ. ನಿನ್ನೆ ಕ್ಲಿನಿಕ್ಕಿಗೆ ಹೋದಾಗ ಒಂದು ಕಿಲೋ ಇಳಿದಿತ್ತು. ಸಿಸ್ಟರು ಮೊದಲನೇ ಸಲ ಬಾಯಿ ಬಿಡದೆ ಕಾರ್ಡು ಕೊಟ್ಟಳು.

ಕೆಲಸ ಬಹಳ ಇದೆ. ಶಾಲೆ ಶುರುವಾಗೋ ಮುಂಚೆ ಎರಡು ಸಾವಿರ ಅಂಗಿ ಹೋಗಬೇಕು, ನನ್ನ ಪಾಲಿಗೆ ಕಾಲರು. ಬೆಳಿಗ್ಗೆ ಹೊತ್ತು ಹೊಲಿಗೆ ಸ್ವಲ್ಪ ಸೊಟ್ಟ ಹೋಗುತ್ತೆ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೆ. ಮಿಕ್ಕಂತೆ ಎಲ್ಲ ಚೆನ್ನಾಗಿದೆ.

ನೀನು ಹೇಳಿದ ಹಾಗೇ ಮಾಡಿದ್ದೀನಿ ಅಂತ ತಿಳಿಸೋಕೆ ಬರೆದೆ, ಅಷ್ಟೇ.

ತಂಗಿ


ಮಾರ್ಚ್ 11

ಏನು ತಿಂತಿದ್ದೀಯ ನೀನು? ಸರಿಯಾಗಿ ಬರಿ. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಎಲ್ಲ ಬರಿ.

ಆರು ತಿಂಗಳ ಬಸುರಿ ಒಂದು ಕಿಲೋ ಇಳಿದಳು ಅಂದರೆ ನನಗೆ ಸರಿಕಾಣಲಿಲ್ಲ. ವಾರ್ಡನಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವರು ಇಲ್ಲಿಗೆ ಬರೋ ಮುಂಚೆ ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ ಇದ್ದೋರು. ಕನ್ನಡಕ ಮೂಗಿನ ತುದಿಗೆ ಇಳಿಸಿ, "ಬಸುರಿಗೆ ಬಾಯಿಗೆ ಬೀಗ ಹಾಕು ಅಂತ ಹೇಳಿದ ಆ ಬುದ್ಧಿವಂತೆ ಯಾರು?" ಅಂತ ಕೇಳಿದರು. ಯಾರೋ ಏನೋ ಅಂದುಬಿಟ್ಟೆ.

ಊಟ ಬಿಡಬೇಡ. ಈ ಕಾಗದ ಸಿಕ್ಕ ತಕ್ಷಣ ಎದ್ದು ಏನಾದರೂ ತಿನ್ನು. ಮಿಕ್ಕಿದ್ದು ಆಮೇಲೆ.

ಅಕ್ಕ


ಮಾರ್ಚ್ 13

ನಿನ್ನ ಕಾಗದ ಬಂದಿಲ್ಲ, ಬರೋ ತನಕ ಕಾಯೋ ತಾಳ್ಮೆಯೂ ನನಗಿಲ್ಲ.

ಸೋಮವಾರ ಮೆಶೀನಿನ ಮೇಲೆ ಬಿದ್ದೆ. ಕಾಲರು ತಿರುಗಿಸ್ತಾ ಇದ್ದೆ, ಮುಂದಿನದು ನೆನಪಿಲ್ಲ. ಕಣ್ಣು ಬಿಟ್ಟಾಗ ಬಟ್ಟೆ ಗಂಟಿನ ಮೇಲೆ ಮಲಗಿಸಿದ್ದರು, ಹಣೆ ಮೇಲೆ ಕೋಳಿಮೊಟ್ಟೆಯಷ್ಟು ಬುಗುಟು. ಕಟಿಂಗ್ ಮಾಸ್ತರು ನಮ್ಮನೆಯವರಿಗೆ ಫೋನ್ ಮಾಡಿದ್ದರು. ಅವರು ಯಾವುದೋ ಕಟ್ಟಡದ ಲಿಫ್ಟು ಅರ್ಧಕ್ಕೇ ನಿಲ್ಲಿಸಿ, ಕೈಗೆ ಗ್ರೀಸು ಮೆತ್ತಿಕೊಂಡೇ ಓಡಿ ಬಂದರು. ದಾರಿಯಲ್ಲಿ, "ಕೊನೇ ಸಲ ಯಾವಾಗ ಊಟ ಮಾಡಿದ್ದು?" ಅಂತ ಕೇಳಿದರು. ನಾನು ಹೇಳಲಿಲ್ಲ. ನಿನಗೆ ಹೇಳ್ತೀನಿ. ಮೂರು ವಾರದಿಂದ ಬೆಳಿಗ್ಗೆ ಒಂದು ಲೋಟ ಟೀ, ಮಧ್ಯಾಹ್ನ ಒಂದು ಸೌತೆಕಾಯಿ. ಸಂಜೆ ಅತ್ತೆ ಕೊಟ್ಟಿದ್ದನ್ನ ತಗೊಂಡು ಹಿತ್ತಲಲ್ಲಿ ನಾಯಿಗೆ ಹಾಕ್ತಿದ್ದೆ. ಬೀದಿಯಲ್ಲಿ ಈಗ ದಪ್ಪಗಾಗಿರೋದು ಆ ನಾಯಿ.

ಬೀಗ ಹಾಕು ಅಂದೆಯಲ್ಲ, ಹಾಕಿದೆ. ನಿನಗೆ ತೃಪ್ತಿಯಾಯ್ತಾ?

ಇನ್ನೊಂದು ಹೇಳಿಬಿಡ್ತೀನಿ. ಫೆಬ್ರವರಿ ಒಂಬತ್ತಕ್ಕೆ ನನ್ನ ತೂಕ ಅರವತ್ತೆಂಟು. ಬಸುರಿ ಆಗೋ ಮುಂಚೆ ಐವತ್ತೆರಡು ಇದ್ದೆ. ಸಿಸ್ಟರು "ಅರವತ್ತೆಂಟು" ಅಂತ ಕೂಗಿದಾಗ, ನಿನ್ನನ್ನೇ ಕರೆದ ಹಾಗಾಯ್ತು ಅಕ್ಕ. ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಡಾಕ್ಟರು ಬಂದು ಎಲ್ಲರನ್ನೂ ತೂಕ ಹಾಕಿದ್ದು, ಅದನ್ನ ನಾನು ಬೀದಿಗೆಲ್ಲ ಸಾರಿಕೊಂಡು ಬಂದಿದ್ದು, ಎರಡು ವರ್ಷ ಮಕ್ಕಳು ನಿನ್ನನ್ನ ಆ ಹೆಸರಿಂದಲೇ ಕರೆದಿದ್ದು, ಎಲ್ಲ ನೆನಪಿದೆ ನನಗೆ. ಮರೆತಿದ್ದೀನಿ ಅಂದುಕೊಂಡಿದ್ದರೆ ಅದು ನಿನ್ನ ತಪ್ಪು.

ಕ್ಷಮಿಸು ಅಂತ ಬರೆಯೋಕೆ ಕೂತೆ. ಆದರೆ ಸಿಟ್ಟು ಬಂದಿದೆ. ನಾನು ಆಗ ಒಂಬತ್ತು ವರ್ಷದವಳು. ನೀನು ಬೀಗ ಹಾಕು ಅಂದಾಗ ನಿನಗೆ ಮೂವತ್ತಾರು.


ಮಾರ್ಚ್ 22

ಕಡ್ಡಿ,

ನಿನ್ನ ಕಾಗದ ಓದಿ ಆವತ್ತಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನೂರಾ ನಲವತ್ತು ಹುಡುಗಿಯರು ನೀರು ಕುಡೀತಾ ಉಂಡರು.

ಮೊದಲು ನನ್ನ ಸಿಟ್ಟು ಮುಗಿಸ್ತೀನಿ, ಆಮೇಲೆ ನಿನ್ನ ಊಟದ ಮಾತು. ನಾನು ಶಾಲೆ ಬಿಟ್ಟಿದ್ದು ಗಣಿತ ತಲೆಗೆ ಹತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಿರಿ. ಗಣಿತ ಚೆನ್ನಾಗೇ ಬರ್ತಿತ್ತು ನನಗೆ. ಒಂದು ದಿನ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದು ಒಂದು ಗುಣಾಕಾರ ಕೊಟ್ಟರು. ಹದಿನೇಳು ನಾಲ್ಕಲ. ಉತ್ತರ ನನಗೆ ತಕ್ಷಣ ಗೊತ್ತಾಯ್ತು, ಬರೆಯೋಕೆ ಕೈ ಏಳಲಿಲ್ಲ. ಬರೆದರೂ ನಗ್ತಾರೆ, ಬರೆಯದಿದ್ದರೂ ನಗ್ತಾರೆ. ಬರೆದೆ. ಕ್ಲಾಸಿಗೆ ಕ್ಲಾಸೇ ಮೇಜು ಬಡಿದು ನಕ್ಕಿತು. ಪಾಪ, ಮೇಷ್ಟ್ರಿಗೆ ಏನೂ ಗೊತ್ತಿಲ್ಲ, ಉತ್ತರ ಸರಿಯಾಗಿದೆಯಲ್ಲ ಅಂತ ಅವರು ಹೇಳ್ತಾನೇ ಇದ್ದರು. ಮಾರನೇ ದಿನದಿಂದ ನಾನು ಹೋಗಲಿಲ್ಲ. ನೀನು ಒಂಬತ್ತು ವರ್ಷದವಳು, ಸರಿ. ಅಮ್ಮನಿಗೆ ಎಷ್ಟು ವರ್ಷ ಆಗ? ನಾಲ್ಕು ವರ್ಷದ ಹಿಂದೆ ನಿನ್ನ ಮದುವೆಯಲ್ಲೂ ಅವಳು ಅದೇ ಹೆಸರು ಹೇಳಿ ನಕ್ಕಳು, ಆವತ್ತಿನಿಂದಲೇ ನಾನು ನಿಮ್ಮ ಫೋನ್ ಎತ್ತಲಿಲ್ಲ. ಅವಳ ಮೇಲಿನ ಸಿಟ್ಟನ್ನೂ ಸೇರಿಸಿ ನಿನ್ನ ಮೇಲೆ ಹಾಕಿದ್ದೀನಿ ಅಂತ ಈಗೀಗ ಅನ್ನಿಸುತ್ತೆ. ಹಾಗಂತ ಇಳಿಸಿಬಿಟ್ಟಿದ್ದೀನಿ ಅಂದುಕೋಬೇಡ.

ಈಗ ಕೇಳು. ವಾರ್ಡನಮ್ಮ ಹೇಳಿದ್ದು ಇದು. ಬಸುರಿಯಲ್ಲಿ ತೂಕ ಇಳಿಸೋ ಮಾತೇ ಇಲ್ಲ. ಏರಿದ್ದು ಏರಿತು, ಇನ್ನು ಮುಂದೆ ಅದು ನಿಧಾನಕ್ಕೆ ಏರಬೇಕು, ಅಷ್ಟೇ. ಎರಡು ಜೀವ ಅಂದರೆ ಎರಡು ತಟ್ಟೆ ಅಲ್ಲ. ಒಳಗಿರೋದಕ್ಕೆ ಬೇಕಾಗಿರೋದು ಹೆಚ್ಚಂದರೆ ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಣ್ಣು. ಅತ್ತೆ ಕೊಡೋದನ್ನ ನಾಯಿಗೆ ಹಾಕಬೇಡ, ಅವರನ್ನೇ ಅಡುಗೆಮನೆಯಲ್ಲಿ ಕೂರಿಸಿಕೊಂಡು ಮಾತಾಡು. ದಿನಕ್ಕೆ ಐದು ಸಲ ತಿನ್ನು, ಸ್ವಲ್ಪ ಸ್ವಲ್ಪ. ತಟ್ಟೆಯಲ್ಲಿ ಅರ್ಧ ತರಕಾರಿ, ಮಿಕ್ಕ ಅರ್ಧದಲ್ಲಿ ಕಾಳು ಮತ್ತೆ ಅನ್ನ. ಹಣ್ಣು ತಿನ್ನು, ಹಣ್ಣಿನ ರಸ ಬೇಡ. ಬಾಟಲಿಯ ಸಿಹಿ ನೀರಂತೂ ಮನೆ ಹೊಸ್ತಿಲು ದಾಟಿ ಒಳಗೆ ಬರಕೂಡದು. ಊಟ ಆದಮೇಲೆ ಇಪ್ಪತ್ತು ನಿಮಿಷ ನಡಿ. ಸಕ್ಕರೆ ಪರೀಕ್ಷೆ ಮಾಡಿಸಿದ್ದಾರಾ ಕೇಳು, ಇಲ್ಲದಿದ್ದರೆ ನಾಳೆಯೇ ಮಾಡಿಸು.

ಕಾರ್ಡಿನಲ್ಲಿ ಇರೋದನ್ನೆಲ್ಲ ಬರೆದು ಕಳಿಸು ಅಂತಲೂ ಹೇಳಿದ್ದಾರೆ.

ಅಕ್ಕ


ಏಪ್ರಿಲ್ 5

ಅಕ್ಕ,

ಹದಿನೇಳು ನಾಲ್ಕಲ ಅನ್ನೋದನ್ನ ಓದಿ ಕಾಗದ ಮಡಿಸಿ ಇಟ್ಟೆ. ಅದರ ಬಗ್ಗೆ ಈಗ ಬರೆಯೋಕಾಗಲ್ಲ. ಊಟದ ಬಗ್ಗೆ ಬರೀತೀನಿ.

ಅತ್ತೆಯನ್ನ ಅಡುಗೆಮನೆಯಲ್ಲಿ ಕೂರಿಸಿದೆ. ದಿನಕ್ಕೆ ನಾನು ತಿನ್ನೋದನ್ನೆಲ್ಲ ಇಬ್ಬರೂ ಸೇರಿ ಒಂದು ಚೀಟಿ ಮೇಲೆ ಬರೆದೆವು. ಮೂರು ಲೋಟ ಹಣ್ಣಿನ ರಸ, ಎರಡು ಲೋಟ ಸಿಹಿ ಹಾಲು, ಮಧ್ಯೆ ಮಧ್ಯೆ ಬಿಸ್ಕತ್ತು, ಕರಿದದ್ದು, ಅದರ ಮೇಲೆ ಮೂರು ಹೊತ್ತಿನ ಊಟ. ಅತ್ತೆ ಚೀಟಿ ನೋಡಿ, "ಇದನ್ನ ಗದ್ದೆ ಕೆಲಸದ ಆಳೂ ತಿನ್ನಲ್ಲ" ಅಂದರು. ಕೊಡ್ತಿದ್ದೋರು ಯಾರು ಅಂತ ಕೇಳಿದೆ. ಆಗ ಅಳೋಕೆ ಶುರು ಮಾಡಿದರು. ನನಗೂ ರೇಗಿತ್ತು, ಅತ್ತರೆ ಅಳಲಿ ಅಂತ ಎದುರಿಗೇ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು, ನಮ್ಮನೆಯವರು ಹೊಟ್ಟೆಯಲ್ಲಿದ್ದಾಗ ಇವರಿಗೆ ಮನೆಯಲ್ಲಿ ಎಲ್ಲರೂ ಉಂಡು ಉಳಿದದ್ದು ಮಾತ್ರ ಸಿಗ್ತಿತ್ತಂತೆ. "ನನ್ನ ಸೊಸೆ ಹಾಗೆ ಇರಬಾರದು ಅಂತ ಕೊಟ್ಟೆ ಕಣಮ್ಮ" ಅಂದರು. ಆಮೇಲೆ ಯಾರ ಮೇಲೆ ರೇಗಲಿ?

ಈಗ ರಸ ನಿಂತಿದೆ, ಕಾಳು ಬಂದಿದೆ. ಮಧ್ಯಾಹ್ನ ಉಂಡಮೇಲೆ ಕಾರ್ಖಾನೆಯ ಗೋದಾಮಿನ ಸುತ್ತ ನಡೀತೀನಿ. ಮೊದಲ ದಿನ ಹೆಂಗಸರು ನಕ್ಕರು, ನಾಲ್ಕನೇ ದಿನಕ್ಕೆ ಗುಂಡಿ ಹಾಕೋ ವಿಭಾಗದವರು ಮೂವರು ಜೊತೆಗೆ ಬಂದರು. ಸಕ್ಕರೆ ಪರೀಕ್ಷೆ ಆಯ್ತು, ಸರಿಯಾಗಿದೆ. ಎರಡು ವಾರದಲ್ಲಿ ಏರಿದ್ದು ಮುಕ್ಕಾಲು ಕಿಲೋ.

ಸಿಸ್ಟರಿಗೆ ಅದೂ ಸಾಲದು. "ಇನ್ನೂ ಏರ್ತಾನೇ ಇದೆಯಲ್ಲ" ಅಂದಳು. ಬಸುರಿಯ ತೂಕ ಏರದೆ ಇನ್ನೇನು ಏರಬೇಕು ಅಂತ ಕೇಳಿದೆ. ಬೆಂಚಿನವರು ನಕ್ಕರು. ಈ ಸಲ ನನ್ನನ್ನ ನೋಡಿ ಅಲ್ಲ.

ಕಡ್ಡಿ (ಈಗ ಆ ಹೆಸರಿಗೆ ಅರ್ಥವಿಲ್ಲ)


ಏಪ್ರಿಲ್ 14

ಕಡ್ಡಿ,

ಮುಕ್ಕಾಲು ಕಿಲೋ ಸರಿಯಾಗಿದೆ ಅಂದರು ವಾರ್ಡನಮ್ಮ. ಇಲ್ಲಿ ಹುಡುಗಿಯರಿಗೂ ನಿನ್ನ ಗೋದಾಮಿನ ಸುತ್ತು ಹೇಳಿದೆ. ನಾಯಿಯ ವಿಷಯ ಹೇಳಿದಾಗ ಊಟದ ಮನೆ ಹಾರಿಹೋಗೋ ಹಾಗೆ ನಕ್ಕವು.

ಇನ್ನು ನಿನ್ನ ಮೇಲೆ ಸಿಟ್ಟಿಗೆ ಕಾರಣ ಒಂದೇ ಉಳಿದಿದೆ. ಕಾರ್ಡಿನಲ್ಲಿ ಇರೋದನ್ನ ಬರೆದು ಕಳಿಸು ಅಂದೆ, ಕಳಿಸಲಿಲ್ಲ. ತೂಕ ಬರೆಯೋಕೆ ನಾಚಿಕೆಯಾ? ನನ್ನ ಹತ್ತಿರವಾ?

ಅಕ್ಕ


ಏಪ್ರಿಲ್ 27

ಅಕ್ಕ,

ಹನ್ನೊಂದು ದಿನಕ್ಕೆ ಮೂರೂವರೆ ಕಿಲೋ ಏರಿದ್ದೀನಿ.

ನೀನೂ ನಂಬಲ್ಲ, ಗೊತ್ತು. ನಾನು ಒಂದು ತುತ್ತೂ ಹೆಚ್ಚು ತಿಂದಿಲ್ಲ. ಸಿಸ್ಟರು ನಿನ್ನೆ ಕಾರ್ಡನ್ನ ಮೇಜಿನ ಮೇಲೆ ಬಿಸಾಕಿ, "ಕದ್ದು ತಿನ್ನೋರಿಗೆ ನಾನೇನು ಮಾಡಲಿ, ಮುಂದಿನ ಸಲ ಮನೆಯವರನ್ನ ಕರಕೊಂಡು ಬಾ" ಅಂದಳು. ಡಾಕ್ಟರು ಬರೋದು ತಿಂಗಳಿಗೊಂದು ಸಲ, ನಿನ್ನೆ ಅವರ ದಿನವಲ್ಲ. ಕಾಲರು ಹೊಲಿದು ಹೊಲಿದು ತಲೆ ನೋಯುತ್ತೆ ಅಂದೆ. ತಿನ್ನೋದು ಕಡಿಮೆ ಮಾಡು, ಹೋಗುತ್ತೆ ಅಂದಳು. ಮನೆಗೆ ಬಂದು ಹೇಳಿದರೆ ನಮ್ಮನೆಯವರು ಎದ್ದು ಹೋಗಿ ಬಿಸ್ಕತ್ತಿನ ಡಬ್ಬಿ ಮುಚ್ಚಳ ತೆಗೆದು ನೋಡಿದರು. ನೋಡಿ ಮುಚ್ಚಿಟ್ಟರು. ಆ ಮುಚ್ಚಳದ ಸದ್ದು ನಾನು ಸಾಯೋ ತನಕ ಮರೆಯಲ್ಲ.

ಅತ್ತು ಅತ್ತು ಮುಖ ಊದಿದೆ. ಚಪ್ಪಲಿ ಕಾಲಿಗೆ ಹೋಗ್ತಿಲ್ಲ. ಉಂಗುರವನ್ನ ಸೋಪು ಹಚ್ಚಿ ತೆಗೆದೆ. ಇವತ್ತು ಸೂಜಿಗೆ ದಾರ ಪೋಣಿಸುವಾಗ ಕಣ್ಣ ಮುಂದೆ ಬೆಳ್ಳಗೆ ಚುಕ್ಕಿ ಚುಕ್ಕಿ.

ಕಾರ್ಡು ಕೇಳಿದೆಯಲ್ಲ, ತಗೋ. ಎಡಗಡೆ ತೂಕ, ಬಲಗಡೆ ಬಿ.ಪಿ.

ಡಿಸೆಂಬರ್: 58, 110/70
ಜನವರಿ: 63, 110/70
ಫೆಬ್ರವರಿ: 68, 110/70
ಮಾರ್ಚ್ 1: 67, 110/70
ಮಾರ್ಚ್ 19: 67¼, 110/70
ಏಪ್ರಿಲ್ 2: 68, 110/70
ಏಪ್ರಿಲ್ 15: 69½, 110/70
ಏಪ್ರಿಲ್ 26: 73, 110/70

ನೋಡಿಕೋ. ಬೇಕಾದರೆ ನಿನ್ನ ಹಾಸ್ಟೆಲಿನಲ್ಲಿ ಓದಿ ಹೇಳು. ನಗೋರು ನಗಲಿ.


ಮೇ 3

ಕಡ್ಡಿ,

ಈ ಕಾಗದ ನಿನ್ನ ಗಂಡನ ಹೆಸರಿಗೆ ಕಳಿಸ್ತಿದ್ದೀನಿ. ನೀನು ಓದೋ ಸ್ಥಿತಿಯಲ್ಲಿ ಇದ್ದೀಯೋ ಇಲ್ಲವೋ ಗೊತ್ತಿಲ್ಲ. ಓದೋ ಸ್ಥಿತಿಯಲ್ಲಿ ಇರು.

ನಿನ್ನ ಕಾಗದ ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಬಂತು. ನಾನು ಒಲೆ ಮುಂದೆ ನಿಂತೇ ಓದಿದೆ. ತೂಕದ ಸಾಲು ಮಾತ್ರ ನೋಡಿದೆ, ನನ್ನ ಕಣ್ಣೂ ಅಲ್ಲಿಗೇ ಹೋಯ್ತು. ವಾರ್ಡನಮ್ಮನ ಕೈಗೆ ಕೊಟ್ಟೆ. ಅವರು ತೂಕ ನೋಡಲೇ ಇಲ್ಲ. ಬಲಗಡೆಯ ಸಾಲಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಎಳೆದರು. "ಐದು ತಿಂಗಳು ಒಂದೇ ಬಿ.ಪಿ. ಇರೋಕೆ ಇವಳೇನು ಕಲ್ಲಾ? ಇದನ್ನ ಯಾರೂ ನೋಡಿಲ್ಲ, ಸುಮ್ಮನೆ ಬರೆದಿದ್ದಾರೆ. ಇದು ತಿಂದ ತೂಕ ಅಲ್ಲ, ನೀರು. ಈಗಲೇ ದೊಡ್ಡಾಸ್ಪತ್ರೆಗೆ ಹೋಗಲಿ" ಅಂದರು. ಅವರು ದನಿ ಎತ್ತರಿಸಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ಆಮೇಲಿನದು ನಿನಗೆ ಗೊತ್ತು. ನಾನು ಫೋನ್ ಮಾಡಿದಾಗ ನೀನು ಹಲೋ ಅಂದೆ, ನಾನು ಕಿರುಚಿದೆ. ನಾಲ್ಕು ವರ್ಷದ ಮೇಲೆ ನನ್ನ ದನಿ ಕೇಳಿದ್ದು ಹಾಗೆ. ನೀನು, "ಅಕ್ಕ, ಕಾಲರು ನಲವತ್ತು ಉಳಿದಿದೆ, ಮುಗಿಸಿ ಹೋಗ್ತೀನಿ" ಅಂದೆ. ಕಾಲರಿಗೆ ಬೆಂಕಿ ಹಾಕು ಅಂದೆ. ಮಾಸ್ತರಿಗೆ ಫೋನ್ ಕೊಡಿಸಿ ಅವರಿಗೂ ಏನೇನೋ ಅಂದೆ. ಒಳ್ಳೇ ಮನುಷ್ಯ, ತನ್ನ ಗಾಡಿಯಲ್ಲೇ ನಿನ್ನನ್ನ ಕರಕೊಂಡು ಹೋದರಂತೆ.

ಸಂಜೆ ನಿನ್ನ ಗಂಡ ಫೋನ್ ಮಾಡಿ ಬಿ.ಪಿ. ನೂರಾ ಎಪ್ಪತ್ತು ದಾಟಿದೆ, ಆಪರೇಷನ್ ಮಾಡ್ತಾರೆ ಅಂದ. ಅಷ್ಟು ಹೇಳಿ ಅತ್ತ. ನಾನು ಆ ಬಿಸ್ಕತ್ತಿನ ಡಬ್ಬಿಗೆ ಅವನನ್ನ ಬೈಯಬೇಕು ಅಂತಿದ್ದೆ, ಬೈಯಲಿಲ್ಲ.

ನಾನು ಯಾಕೆ ಬರಲಿಲ್ಲ ಅಂತ ನೀನು ಕೇಳಬಹುದು. ಪರೀಕ್ಷೆ ನಡೀತಿದೆ, ಇನ್ನೊಬ್ಬ ಅಡುಗೆಯವಳು ರಜೆಯಲ್ಲಿದ್ದಾಳೆ, ಎಲ್ಲ ನಿಜ. ಆದರೆ ಕಾರಣ ಅದಲ್ಲ. ನಿನ್ನ ಮಂಚದ ಆ ಕಡೆ ಅಮ್ಮ ನಿಂತಿರ್ತಾಳೆ.

ಉತ್ತರ ಬರಿ. ಒಂದು ಸಾಲಾದರೂ ಸಾಕು.


ಮೇ 24

ಅಕ್ಕ,

ಇದ್ದೀನಿ. ಮಗುವೂ ಇದೆ. ಹೆಣ್ಣು. ಹುಟ್ಟಿದಾಗ ಒಂದು ಕಿಲೋ ಒಂಬೈನೂರು. ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು, ಮೊನ್ನೆ ಮನೆಗೆ ಕರಕೊಂಡು ಬಂದೆವು. ಫಿಟ್ಸ್ ಬರದ ಹಾಗೆ ನನಗೆ ಅದೆಷ್ಟೋ ಇಂಜೆಕ್ಷನ್ ಕೊಟ್ಟರು. ಎರಡು ದಿನದ ನೆನಪೇ ಇಲ್ಲ. ಇನ್ನೂ ಬಿ.ಪಿ. ಮಾತ್ರೆ ನುಂಗ್ತಿದ್ದೀನಿ. ಮೊದಲ ಹತ್ತು ದಿನದಲ್ಲೇ ಹನ್ನೊಂದು ಕಿಲೋ ಇಳಿದುಹೋಯ್ತು, ಮಗುವಿನ ತೂಕ ಬಿಟ್ಟರೆ ಬರೀ ನೀರು. ಇನ್ನೊಂದು ದಿನ ತಡವಾಗಿದ್ದರೆ ಇಬ್ಬರನ್ನೂ ಉಳಿಸೋಕೆ ಆಗ್ತಿರಲಿಲ್ಲ ಅಂತ ಡಾಕ್ಟರು ನಮ್ಮನೆಯವರಿಗೆ ಹೇಳಿದರಂತೆ. ಮನೆಗೆ ಬಂದ ದಿನ ಅವರು ಆ ಡಬ್ಬಿಯನ್ನ ತೆಗೆದು ಹೊರಗೆ ಹಾಕಿದರು. ಬಾಯಲ್ಲಿ ಏನೂ ಹೇಳಲಿಲ್ಲ. ಹೇಳಬೇಕಿತ್ತು.

ನಿನ್ನೆ ಕ್ಲಿನಿಕ್ಕಿಗೆ ಹೋದೆ. ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತೆ, ಅತ್ತೆ ಬೇಡ ಅಂದರು. ಹೋಗ್ತೀನಿ ಅಂದಮೇಲೆ ಅವರೂ ಚಪ್ಪಲಿ ಮೆಟ್ಟಿಕೊಂಡು ಬಂದರು. ಸಿಸ್ಟರ ಮುಂದೆ ಕಾರ್ಡು ಇಟ್ಟು ಕೇಳಿದೆ, "ಇದರಲ್ಲಿ ಒಂದು ಸಲವಾದರೂ ನನ್ನ ತೋಳಿಗೆ ಪಟ್ಟಿ ಕಟ್ಟಿದ್ದೀರಾ? ನನಗೆ ನೆನಪಿಲ್ಲ, ನಿಮಗೆ ನೆನಪಿದ್ದರೆ ಹೇಳಿ." ಬಿ.ಪಿ. ಯಂತ್ರ ನವೆಂಬರಿನಿಂದ ಕೆಟ್ಟಿದೆಯಂತೆ, ಮೇಲಿನವರಿಗೆ ಬರೆದರೂ ಬೇರೆ ಕೊಡಲಿಲ್ಲವಂತೆ, ಕಾರ್ಡಿನಲ್ಲಿ ಖಾಲಿ ಬಿಟ್ಟರೆ ಇವಳನ್ನ ಬೈತಾರಂತೆ. "ಅದಕ್ಕೇ ಎಲ್ಲರಿಗೂ ಇರೋ ಹಾಗೆ ಬರೆದೆ" ಅಂದಳು. ಎಲ್ಲರಿಗೂ.

ಬೆಂಚಿನ ಕಡೆ ತಿರುಗಿದೆ. ಹದಿನಾಲ್ಕು ಜನ ಇದ್ದರು. "ಎಲ್ಲರೂ ನಿಮ್ಮ ನಿಮ್ಮ ಕಾರ್ಡು ತೆಗೀರಿ, ಬಲಗಡೆ ಏನಿದೆ ಓದಿ" ಅಂದೆ. ಮೊದಲು ಯಾರೂ ಅಲ್ಲಾಡಲಿಲ್ಲ. ಅತ್ತೆ ಕೊನೆಯಲ್ಲಿ ಕೂತ ಒಬ್ಬಳ ಪಕ್ಕ ಹೋಗಿ, "ತೆಗಿಯಮ್ಮ, ನನಗೆ ಓದೋಕೆ ಬರಲ್ಲ, ನೀನೇ ಓದು" ಅಂದರು. ನೂರಾ ಹತ್ತು, ಎಪ್ಪತ್ತು ಅಂದಳು. ಪಕ್ಕದವಳೂ ಅದನ್ನೇ ಓದಿದಳು. ಹಾಗೇ ಬೆಂಚಿನ ಉದ್ದಕ್ಕೂ ಬಂತು. ಹದಿನಾಲ್ಕು ಜನ, ಒಂದೇ ಅಂಕಿ. ಆಮೇಲೆ ಆದ ಗಲಾಟೆ ಬರೆಯೋಕೆ ಹೋದರೆ ಈ ಹಾಳೆ ಸಾಲಲ್ಲ. ನಾನು ಕೂಗಲಿಲ್ಲ ಅಕ್ಕ. ಕೂಗೋ ಅಗತ್ಯವೇ ಬೀಳಲಿಲ್ಲ. ಅವರಲ್ಲಿ ಒಬ್ಬಳ ಗಂಡ ಆಟೋ ತಂದ, ಆರು ಜನ ದೊಡ್ಡಾಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿದರು. ಒಬ್ಬಳನ್ನ ಅಲ್ಲೇ ಸೇರಿಸಿಕೊಂಡಿದ್ದಾರೆ. ಬಡಕಲು ಹುಡುಗಿ, ಅವಳ ತೂಕಕ್ಕೆ ಸಿಸ್ಟರು ಭೇಷ್ ಅಂತಿದ್ದಳಂತೆ. ಜಿಲ್ಲಾ ಅಧಿಕಾರಿಗೆ ಹದಿನೈದು ಜನರ ಸಹಿ ಹಾಕಿ ದೂರು ಕೊಟ್ಟಿದ್ದೀವಿ. ಅತ್ತೆ ಹೆಬ್ಬೆಟ್ಟು ಒತ್ತಿದ್ದಾರೆ.

ಇನ್ನು ಅಮ್ಮ. ಆಸ್ಪತ್ರೆಯಲ್ಲಿ ನನ್ನ ಪಕ್ಕದಲ್ಲಿ ಕೂತು ಬಂದವರಿಗೆಲ್ಲ, "ತಿಂದು ತಿಂದು ಹೀಗೆ ಮಾಡಿಕೊಂಡಳು" ಅಂತಿದ್ದಳು. ನಾಲ್ಕು ಸಲ ಕೇಳಿಸಿಕೊಂಡೆ. ಐದನೇ ಸಲ ಹೇಳಿದೆ. "ಅಮ್ಮ, ನಾನು ತಿಂದು ಹೀಗಾಗಲಿಲ್ಲ. ಅಕ್ಕನೂ ಗಣಿತ ಬರದೆ ಶಾಲೆ ಬಿಡಲಿಲ್ಲ. ಎರಡೂ ಸಲ ನೀನು ನೋಡಿದ್ದು ತೂಕ ಒಂದನ್ನೇ." ಅವಳು ಚೀಲ ತಗೊಂಡು ಎದ್ದು ಹೋದಳು. ಮೂರು ದಿನ ಬರಲಿಲ್ಲ. ನಾಲ್ಕನೇ ದಿನ ಬಂದು, "ಯಾವ ಲೆಕ್ಕ ಕೊಟ್ಟಿದ್ದರು ಅವಳಿಗೆ?" ಅಂತ ಕೇಳಿದಳು. ಹೇಳಿದೆ. ಬೆರಳು ಮಡಿಸಿ ಮಡಿಸಿ ಎಣಿಸಿದಳು.

ಈಗ ನಾನು. ಕ್ಷಮೆ ಕೇಳೋದು ಬಾಕಿ ಇದೆ. ಅದನ್ನ ಸಿಟ್ಟಿಲ್ಲದಾಗ ಕೇಳೋಣ ಅಂತ ಕಾದೆ. ಸಿಟ್ಟು ಹೋಗೋ ಹಾಗೆ ಕಾಣಲ್ಲ, ಅದಕ್ಕೇ ಸಿಟ್ಟಿನಲ್ಲೇ ಕೇಳ್ತಿದ್ದೀನಿ. ತಪ್ಪಾಯ್ತು ಅಕ್ಕ.


ಜೂನ್ 3

ಕಡ್ಡಿ,

ನೀನು ಕೇಳಿದ ಮೇಲೆ ನಾನೂ ಹೇಳಬೇಕು. ಇಲ್ಲದಿದ್ದರೆ ಉಂಡ ಅನ್ನ ಅರಗಲ್ಲ.

ಫೆಬ್ರವರಿಯಲ್ಲಿ ನಿನ್ನ ಮೊದಲನೇ ಕಾಗದ ಬಂದಾಗ ನನಗೆ ಖುಷಿಯಾಯ್ತು. ನೀನು ಮಗು ಹೊತ್ತಿದ್ದಕ್ಕಲ್ಲ, ದಪ್ಪ ಆಗಿದ್ದಕ್ಕೆ. ಆವತ್ತು ಕೆಲಸ ಮಾಡ್ತಾ ಹಾಡು ಹೇಳಿಕೊಂಡೆ. ಬಾಯಿಗೆ ಬೀಗ ಹಾಕು ಅಂತ ಬರೆದೆನಲ್ಲ, ಬಸುರಿ ಉಪವಾಸ ಮಾಡಬಾರದು ಅನ್ನೋದು ನನಗೆ ಆಗಲೇ ಗೊತ್ತಿತ್ತು. ಹನ್ನೊಂದು ವರ್ಷದಿಂದ ಈ ಹುಡುಗಿಯರು ಊಟದ ಮನೆಯಲ್ಲಿ ಪಾಠ ಗಟ್ಟಿಯಾಗಿ ಓದೋದನ್ನ ಕೇಳ್ತಾ ಬಡಿಸಿದ್ದೀನಿ. ಗೊತ್ತಿದ್ದೂ ಬರೆದೆ. ನೀನು ಮೆಶೀನಿನ ಮೇಲೆ ಬಿದ್ದೆ. ಆ ಬುದ್ಧಿವಂತೆ ಯಾರು ಅಂತ ವಾರ್ಡನಮ್ಮನಿಗೆ ಮೊನ್ನೆ ಹೇಳಿದೆ. "ಗೊತ್ತಿತ್ತು, ನೀನೇ ಹೇಳಲಿ ಅಂತ ಕಾದೆ" ಅಂದರು.

ನೀನು ಆವತ್ತು ಬೀದಿಯಲ್ಲಿ ಕೂಗಿದ್ದು ತಿಳಿಯದೆ. ನಾನು ತಿಳಿದೂ ಬರೆದೆ. ಇದರಲ್ಲಿ ಯಾವುದು ದೊಡ್ಡದು ಅಂತ ಜಗಳ ಬೇಡ. ನನಗೆ ಉತ್ತರ ಗೊತ್ತು.

ಹದಿನಾರನೇ ತಾರೀಕಿನಿಂದ ನನಗೆ ಮೂರು ವಾರ ರಜೆ. ಬಾ ಅಂದರೆ ಬರ್ತೀನಿ. ಅಮ್ಮ ಇದ್ದರೂ ಬರ್ತೀನಿ. ಬೇಡ ಅಂದರೆ ಅರ್ಥ ಮಾಡಿಕೊಳ್ತೀನಿ.

ಅಕ್ಕ


ಜೂನ್ 10

ಅಕ್ಕ,

ನಿನ್ನ ಕಾಗದವನ್ನ ಎರಡು ದಿನ ಮತ್ತೆ ಮತ್ತೆ ತೆಗೆದು ಓದಿದೆ. ಹಾಡು ಹೇಳಿಕೊಂಡೆ ಅಂದೆಯಲ್ಲ, ಅದನ್ನ ಬರೆಯದೇ ಇದ್ದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಯಾಕೆ ಬರೆದೆ ಅಂತ ಮೊದಲನೇ ದಿನ ಸಿಟ್ಟು ಬಂತು. ಬರೆದೆಯಲ್ಲ ಅಂತ ಎರಡನೇ ದಿನ ಅಳು ಬಂತು.

ಅಧಿಕಾರಿ ಬಂದು ಹೋದರು. ಹೊಸ ಬಿ.ಪಿ. ಯಂತ್ರ ಬಂದಿದೆ. ಸಿಸ್ಟರನ್ನ ಬೇರೆ ಕಡೆಗೆ ಹಾಕಿದ್ದಾರೆ, ಯಂತ್ರ ಕೊಡದೆ ಕೂತವರಿಗೆ ಏನೂ ಆಗಿಲ್ಲ. ಆ ಕಾಗದ ಬೇರೆ ಬರೀತಿದ್ದೀವಿ, ಹೆಂಗಸರೆಲ್ಲ ಸೇರಿ.

ಮಗು ಹಾಲು ಚೆನ್ನಾಗಿ ಕುಡೀತಿದೆ. ನಿನ್ನೆಗೆ ಎರಡು ಕಿಲೋ ಆರುನೂರು. ಅತ್ತೆ ಪ್ರತಿ ನೂರು ಗ್ರಾಮಿಗೂ ಬೀದಿಗೆಲ್ಲ ಹೇಳಿಕೊಂಡು ಬರ್ತಾರೆ.

ಬಾ. ಹದಿನಾರನೇ ತಾರೀಕೇ ಹೊರಡು. ನಿನ್ನನ್ನ ಎದುರಿಗೆ ಕೂರಿಸಿಕೊಂಡು ಬೈಯೋದು ಬಹಳ ಇದೆ. ಮಗು ಮಲಗಿರೋ ಹೊತ್ತು ನೋಡಿ ಬೈತೀನಿ.

ತಂಗಿ